ಮಾವನ ಟವೆಲ್ಲು

ನನ್ನ ಸೋದರಮಾವ ಕಾನೂನು ಓದಲಿಲ್ಲವಲ್ಲ, ಅದು ಕೋರ್ಟುಗಳ ಪುಣ್ಯ! ಓದಿದ್ದರೆ ವಾದಿ, ಪ್ರತಿವಾದಿ ಇಬ್ಬರಿಗೂ ತಾನೊಬ್ಬನೇ ವಕೀಲನಾಗಿ ನಿಂತುಬಿಡುತ್ತಿದ್ದ. ಕೊಟ್ಟೂರಿನಲ್ಲಿ ಅವನದು ಬೀಜ, ಗೊಬ್ಬರದ ಅಂಗಡಿ. ಆದರೆ ಬೀದಿಯಲ್ಲಿ ಯಾರಾದರೂ ಇಬ್ಬರು ದನಿ ಎತ್ತಿದರೆ ಸಾಕು, ಗಿರಾಕಿಯನ್ನು ನಿಲ್ಲಿಸಿ ಅಲ್ಲಿಗೆ ಓಡುತ್ತಿದ್ದ. ಟವೆಲ್ಲು ಬಲ ಹೆಗಲ ಮೇಲಿದ್ದರೆ ಒಬ್ಬನ ಪರ, ಎಡಕ್ಕೆ ಬಂದರೆ ಇನ್ನೊಬ್ಬನ ಪರ. ಎರಡೂ ಕಡೆ ಅಷ್ಟೇ ಆವೇಶ!

ಒಮ್ಮೆ ಕೂಡ್ಲಿಗಿ ಬಸ್ಸಿನಲ್ಲಿ ಒಂದು ಸೀಟಿಗೆ ಇಬ್ಬರ ಜಗಳ. ಒಬ್ಬ ಕಿಟಕಿಯಿಂದ ಟವೆಲ್ಲು ಹಾಕಿ ಹಿಡಿದಿದ್ದ, ಇನ್ನೊಬ್ಬ ಮೊದಲು ಹತ್ತಿದ್ದ. ಮಾವ ಹೆಗಲು ಬದಲಿಸುತ್ತ ಇಬ್ಬರ ಪರವೂ ವಾದಿಸಿದ. ಅವರು ತೀರ್ಪಿಗೆ ಕಾಯುತ್ತ ಕೂಡ್ಲಿಗಿಯವರೆಗೆ ನಿಂತೇ ಬಂದರು. ಸೀಟಿನಲ್ಲಿ ಕೂತವರು ಯಾರು? ಮಾವ, ಅವನ ತೊಡೆಯ ಮೇಲೆ ನಾನು!

ಹರಪನಹಳ್ಳಿಯಲ್ಲಿ ತನ್ನದೇ ಮದುವೆಯ ಮಾತುಕತೆಯಲ್ಲೂ ಹೆಣ್ಣಿನವರ ಕಡೆ ಟವೆಲ್ಲು ತಿರುಗಿಸಿದ್ದನಂತೆ. "ಯಜಮಾನ್ರ, ಈ ಹುಡುಗ ಅಂಗಡ್ಯಾಗ ಕುಂದ್ರಂಗಿಲ್ಲ, ಬಾಯಿ ಮುಚ್ಚಂಗಿಲ್ಲ. ಇನ್ನೊಮ್ಮಿ ವಿಚಾರ ಮಾಡ್ರಿ."

"ನಮ್ಮಪ್ಪ ಅವತ್ತು ಆ ಮಾತು ಕೇಳಬೇಕಿತ್ತು ನೋಡು," ಎಂದು ಅತ್ತೆ ಈಗಲೂ ಹೇಳುತ್ತಾಳೆ.

ಮಕ್ಕಳಿಲ್ಲದ ಆ ಮನೆಯಲ್ಲೇ ಇದ್ದು ನಾನು ಪಿಯುಸಿ ಮುಗಿಸಿದೆ. ನನಗೆ ಧಾರವಾಡದಲ್ಲಿ ಬಿ.ಎ. ಜೊತೆಗೆ ಎಲ್‌ಎಲ್.ಬಿ. ಓದುವ ಆಸೆ, ಐದು ವರ್ಷ, ಎರಡು ಡಿಗ್ರಿ. ಹಿರೇಹಡಗಲಿಯಿಂದ ಬಂದ ಅಪ್ಪನದು ಒಂದೇ ಹಟ: ಕೊಟ್ಟೂರಲ್ಲೇ ಬಿ.ಎ. ಸಾಕು.

ಮಾವ ಎದ್ದು ನಿಂತ. ಟವೆಲ್ಲು ಬಲಕ್ಕೆ.

"ಭಾವಾರ, ಹುಡುಗಿ ಬಾಯಿ ನಮ್ಮ ಮನಿತನದ್ದು. ಬರೇ ಬಿ.ಎ. ಓದಿಸಿದ್ರ ಆ ಬಾಯಿ ನಿಮ್ಮ ಮ್ಯಾಲೇ ಬೀಳತೈತಿ. ಕೋರ್ಟಿಗೆ ಕಳಿಸ್ರಿ!"

ಅಪ್ಪ ನಕ್ಕುಬಿಟ್ಟರು. ಟವೆಲ್ಲು ಎಡಕ್ಕೆ ಬಂತು.

"ಆದ್ರ ಐದು ವರ್ಷ ಅಂದ್ರ ಸಣ್ಣ ಮಾತಲ್ಲ. ದಿನಾ ಸಂಜಿಕ ಮಿರ್ಚಿ ಕಟ್ಟಿಸಿಕೊಂಡು ಬರ್ತೀನಿ, ತಿನ್ನೋರು ಯಾರು? ಮನಿ..."

ಮಾವನ ಮಾತು ವಾದದ ನಡುವೆ ನಿಂತಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವಸರದಲ್ಲಿ ಮುಖ ಒರೆಸಿಕೊಂಡು ಟವೆಲ್ಲನ್ನು ಬಲಕ್ಕೆ ಹಾಕಿಕೊಂಡ.

"ಆ ಕಡಿ ವಕೀಲಗ ದಮ್ ಇಲ್ರಿ ಭಾವಾರ. ಕೇಸು ಬಿತ್ತು. ಕಳಿಸ್ರಿ."

ಅಪ್ಪ ಒಪ್ಪಿದರು. ಇವತ್ತು ಕೂಡ್ಲಿಗಿ ಕೋರ್ಟಿನಲ್ಲಿ ನಾನು ಕರಿ ಕೋಟು ಹಾಕಿ ನಿಲ್ಲುವುದು ಆ ಸಂಜೆಯ ತೀರ್ಪಿನಿಂದ.

ಧಾರವಾಡಕ್ಕೆ ಹೊರಟ ದಿನ ಬಸ್ಸಿಗೆ ಜನವೋ ಜನ. ಮಾವ ಓಡಿಹೋಗಿ ಕಿಟಕಿಯಿಂದ ಟವೆಲ್ಲು ಒಗೆದು ನನಗೆ ಸೀಟು ಹಿಡಿದ. ಬಸ್ಸು ಹೊರಟಾಗ ನೋಡಿದರೆ ಟವೆಲ್ಲು ನನ್ನ ತೊಡೆಯ ಮೇಲೇ ಇದೆ!

"ಮಾವ, ಟವೆಲ್ಲು!" ಎಂದು ಕೂಗಿ ಹೊರಗೆ ಚಾಚಿದೆ.

"ಇರ್ಲಿ ಇಟ್ಕಳವ್ವ. ಮುಂದ ಬಸ್ ಬದಲಿಸಬೇಕು, ಸೀಟಿಗೆ ಬೇಕಾಗತೈತಿ."

ಬಸ್ಸು ತಿರುಗುವಾಗ ನೋಡಿದೆ: ಎರಡೂ ಹೆಗಲು ಬರಿದಾಗಿ ನಿಂತಿದ್ದ ಮಾವ, ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ.