ಬೇಲಿಯೂ ಇರಲಿ, ಗೇಟೂ ಇರಲಿ

ರೇಣುಕಾಪ್ರಸಾದನ ಆ ದಿನದ ಪಾಡಿಗೆಲ್ಲ ಕಾರಣ ಅವನ ಬಲಗೈ ಹೆಬ್ಬೆಟ್ಟು. ಬೆಳಿಗ್ಗೆ ಇಡ್ಲಿ ಹಿಟ್ಟು ಹುಯ್ದು, ಕೈ ಒರೆಸಿಕೊಂಡು, ಊರಿನ ವಾಟ್ಸಾಪ್ ಗುಂಪಿನಲ್ಲಿ ಮಲ್ಲೇಶ ಹಾಕಿದ್ದ ಮೆಸೇಜಿಗೆ ಒಂದು ಹೆಬ್ಬೆಟ್ಟಿನ ಗುರುತು ಒತ್ತಿದ. ‘ಅಮೆರಿಕದ ಗಡಿಗೆ ಬೇಲಿ ಬೇಕೇ ಬೇಕು’ ಎಂದಿತ್ತು. ಬೇಲಿ ತಾನೇ, ಒಳ್ಳೇದೇ ಅನ್ನಿಸಿತು, ಒತ್ತಿದ. ಒತ್ತಿ, ಸಾಂಬಾರಿಗೆ ಉಪ್ಪು ಹಾಕಲು ಹೋದ.

ಕಟ್ಟೆಮಳಲವಾಡಿಗೆ ಅಮೆರಿಕ ಬಂದದ್ದು ಹೊಗೆಸೊಪ್ಪಿನ ಬೆನ್ನು ಹತ್ತಿ. ಒಂದು ಸಲ ಹರಾಜು ಕಟ್ಟೆಯಲ್ಲಿ ರೇಟು ಬಿದ್ದಾಗ ಯಾರೋ, “ಅಮೆರಿಕದಲ್ಲಿ ಎಲೆಕ್ಷನ್ ಕಣ್ರಪ್ಪಾ, ಅದ್ಕೇಯ” ಅಂದರು. ನಿಜವೋ ಸುಳ್ಳೋ ಯಾರೂ ವಿಚಾರಿಸಲಿಲ್ಲ. ಅಂದಿನಿಂದ ಊರಿಗೆ ಊರೇ ಫೋನಿನಲ್ಲಿ ಅಮೆರಿಕ ನೋಡತೊಡಗಿತು. ಅಲ್ಲಿ ಎರಡು ಪಕ್ಷ. ಒಂದರ ಗುರುತು ಆನೆ, ಇನ್ನೊಂದರದು ಕತ್ತೆ. ಊರೂ ಎರಡಾಯಿತು. ಆನೆಯವರಿಗೆ ಮಲ್ಲೇಶ ಮುಖಂಡ. ಕತ್ತೆಯವರಿಗೆ ಕಿರಣ್‌ಕುಮಾರ್, ರೇಣುಕಾಪ್ರಸಾದನ ಬಾಮೈದ. ಹಿಂದಿನ ತಿಂಗಳು ಕಾಡಿನಿಂದ ಬಂದ ನಿಜವಾದ ಆನೆ ಮಲ್ಲೇಶನ ಬಾಳೆತೋಟವನ್ನು ಚಾಪೆ ಹಾಸಿದಂತೆ ಮಾಡಿ ಹೋದರೂ ಅವನ ನಿಷ್ಠೆ ಅಲುಗಲಿಲ್ಲ. “ಅದು ಕಾಡಾನೆ ಕಣ್ಲಾ, ನಮ್ದು ತತ್ವದ ಆನೆ” ಅಂದ. ಕಿರಣ್‌ಕುಮಾರನಂತೂ, ಯಾರಾದರೂ “ಲೇ ಕತ್ತೆ” ಎಂದು ಬೈದರೆ ಕೈ ಮುಗಿಯುವಷ್ಟು ಮುಂದುವರಿದಿದ್ದ.

ರೇಣುಕಾಪ್ರಸಾದ ಕತ್ತೆ ಪಕ್ಷ. ಹೆಂಡತಿಯ ತಮ್ಮ ಕರೆದ, ಇವನು ಹೋದ, ಅಷ್ಟೇ. ಹರಾಜು ಕಟ್ಟೆಯ ಎದುರು ಅವನದೊಂದು ಶೀಟಿನ ಹೋಟೆಲು. ಒಬ್ಬರಿಗೆ ಸ್ಟ್ರಾಂಗ್, ಇನ್ನೊಬ್ಬರಿಗೆ ಲೈಟ್ ಎಂದು ಕಾಫಿ ಕೊಟ್ಟೂ ಕೊಟ್ಟೂ ಯಾರ ಮಾತಿಗಾದರೂ “ಅದೂ ಸರೀನೇ” ಅನ್ನುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು.

ಮೊದಲ ಇಡ್ಲಿ ಬೇಯುವ ಹೊತ್ತಿಗೆ ಕಿರಣ್‌ಕುಮಾರ್ ಬೈಕು ತಂದು ಒಲೆಯ ಮುಂದೆಯೇ ನಿಲ್ಲಿಸಿದ. ಮುಖ ಸುಟ್ಟ ಬದನೆಕಾಯಿಯಂತಾಗಿತ್ತು.

“ಏನ್ ಭಾವ ಇದು? ಆ ಮಲ್ಲೇಶನಿಗೆ ಹೆಬ್ಬೆಟ್ಟು ಒತ್ತಿದ್ದೀರಲ್ಲ!”

“ಬೇಲಿ ಅಂತ ಇತ್ತಪ್ಪ. ನಮ್ ಹೊಲಕ್ಕೂ ಬೇಲಿ ಐತಲ್ಲ.”

“ಬೇಲಿ ಹಾಕೋದು ಆನೆ ಬರ್ದೇ ಇರ್ಲಿ ಅಂತ ಭಾವ! ಆನೆಯೋರೇ ಬೇಲಿ ಕೇಳಿದ್ರೆ ಅದ್ರಲ್ಲಿ ಏನೋ ಮೋಸ ಇಲ್ವಾ?”

“ಅದೂ ಸರೀನೇ. ಅದ್ಕೆ ನಾನ್ ಏನಂತೀನಿ ಅಂದ್ರೆ, ಬೇಲೀನೂ ಇರ್ಲಿ, ಅದಕ್ಕೊಂದ್ ಗೇಟೂ ಇರ್ಲಿ. ಬರೋರು ಕೇಳ್ಕಂಡು ಬರ್ಲಿ. ಬಾ, ಇಡ್ಲಿ ತಿನ್ನು.”

ಕಿರಣ್‌ಕುಮಾರ್ ಇಡ್ಲಿಯನ್ನು ವಿಷ ನೋಡಿದಂತೆ ನೋಡಿದ. “ನೀವು ಅರ್ಧ ಆನೆ ಆಗಿದ್ದೀರಿ ಭಾವ. ಎದುರುಗಡೆ ಇರೋ ಆನೆಗೆ ನಾನು ಹೆದ್ರಲ್ಲ. ನಮ್ ಕೊಟ್ಟಿಗೇಲೇ ಇರೋ ಅರ್ಧ ಆನೆ ಇದೆಯಲ್ಲ, ಅದೇ ಡೇಂಜರ್ರು.”

ಅರಳಿಕಟ್ಟೆಯಲ್ಲಿ ತುರ್ತು ಸಭೆ ಸೇರಿತು. ರೇಣುಕಾಪ್ರಸಾದನನ್ನು ಪಕ್ಷದಿಂದ ಕಿತ್ತು ಹಾಕಿ, ಅವನ ಹೋಟೆಲಿನಲ್ಲಿ ಕತ್ತೆಯವರು ಯಾರೂ ನೀರೂ ಕುಡಿಯಬಾರದೆಂದು ತೀರ್ಮಾನವಾಯಿತು. ಸುದ್ದಿ ಹೋಟೆಲಿಗೆ ಬಂದಾಗ, ವಡೆ ಕಚ್ಚಿದ್ದ ಇಬ್ಬರು ಕತ್ತೆಯವರು ಅದನ್ನು ನುಂಗಲೋ ಉಗುಳಲೋ ತಿಳಿಯದೆ ಹಾಗೇ ಎದ್ದು ಹೋದರು.

ಅವರು ಹೋದ ಬೆನ್ನಿಗೇ ಸೇವಂತಿಗೆ ಹಾರ ಹಿಡಿದು ಮಲ್ಲೇಶ ದಂಡು ಕಟ್ಟಿಕೊಂಡು ಬಂದ.

“ಸತ್ಯ ಕಂಡ್ಬಿಟ್ಟೆ ರೇಣುಕಣ್ಣ! ನೀನ್ ಇನ್ಮೇಲೆ ನಮ್ಮೋನು!” ಎಂದು ಹಾರ ಹಾಕಿದ. ಹಿಂದಿದ್ದವರು ಚಪ್ಪಾಳೆ ತಟ್ಟಿದರು. ಎಲ್ಲರಿಗೂ ಇಡ್ಲಿ ಬಡಿಸಬಹುದೆಂದು ರೇಣುಕಾಪ್ರಸಾದನ ಮುಖ ಅರಳಿತು.

“ಎರಡು ಮಾತಾಡಣ್ಣ” ಅಂದ ಮಲ್ಲೇಶ, ಫೋನು ಎತ್ತಿ ವಿಡಿಯೋ ಮಾಡುತ್ತ.

ರೇಣುಕಾಪ್ರಸಾದ ಗಂಟಲು ಸರಿ ಮಾಡಿಕೊಂಡ. “ಬೇಲಿ ಬೇಕು. ಜೊತೆಗೆ ಗೇಟೂ ಇರ್ಲಿ...”

ಚಪ್ಪಾಳೆ ನಿಂತಿತು. ಫೋನು ಕೆಳಗಿಳಿಯಿತು.

“ಗೇಟಾ?” ಅಂದ ಮಲ್ಲೇಶ. “ಗೇಟ್ ಇಡೋದಾದ್ರೆ ಬೇಲಿ ಯಾಕಣ್ಣ? ಕಿರಣ್‌ಕುಮಾರ ಕಳ್ಸಿರೋ ಗೂಢಚಾರ ನೀನು! ತೆಗೀ ಹಾರ!”

ಇವನು ತೆಗೆಯುವ ಮೊದಲೇ ಅವನೇ ಕಿತ್ತುಕೊಂಡ. ಹಾರ ದಂಡ ಮಾಡಬಾರದೆಂದು ಗೋಡೆಯ ಮೇಲಿದ್ದ ಗಣಪತಿ ಪಟಕ್ಕೆ ಹಾಕಿ, “ಇಲ್ಲಿರೋ ಆನೆ ಇದೊಂದೇ” ಎಂದು ಕೈಮುಗಿದು ನಡೆದ. ದಂಡು ಇಡ್ಲಿಯ ಕಡೆ ಆಸೆಯಿಂದ ನೋಡುತ್ತ ಹಿಂದೆ ಹೋಯಿತು.

ಮಧ್ಯಾಹ್ನ ಹೆಂಡತಿ ಸುಂದ್ರಮ್ಮ ಬಂದಳು. ಕೈಯಲ್ಲಿ ಊಟದ ಡಬ್ಬಿ ಇರಲಿಲ್ಲ.

“ನನ್ ತಮ್ಮ ಮನೆಗ್ ಬಂದು ಹೆಂಗ್ ಕಣ್ಣೀರ್ ಹಾಕ್ದ ಗೊತ್ತೇನ್ರೀ? ಕಾಫೀನೂ ಮುಟ್ಲಿಲ್ಲ.”

“ನಾನ್ ಅವನಿಗೆ ಏನೂ ಅಂದಿಲ್ಲ ಸುಂದ್ರಿ. ಗೇಟ್ ಇರ್ಲಿ ಅಂದೆ ಅಷ್ಟೇ.”

“ನಿಮ್ ಗೇಟ್ ಹಾಳಾಗ. ನಂಗೆ ಅಮೆರಿಕ ಗೊತ್ತಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ತರೋನು ಅವನು, ಅದು ಗೊತ್ತು. ನಂಗಿರೋನು ಅವನೊಬ್ಬನೇ ತಮ್ಮ. ಅವನ್ನ ಸಮಾಧಾನ ಮಾಡಿ ಮನೆಗ್ ಕರ್ಕಂಡ್ ಬರೋಗಂಟ ನಾನ್ ಒಲೆ ಹಚ್ಚಾಕಿಲ್ಲ.” ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋದಳು.

ರೇಣುಕಾಪ್ರಸಾದ ಖಾಲಿ ಬೆಂಚಿನ ಮೇಲೆ ಕುಳಿತ. ಇಡ್ಲಿಗಳು ತಣ್ಣಗಾಗಿ ಕಲ್ಲಾಗಿದ್ದವು. ಸಾಂಬಾರು ಕೆನೆ ಕಟ್ಟಿತ್ತು. ಕಿರಣ್‌ಕುಮಾರನಿಗೆ ಫೋನು ಮಾಡಿದ; ಅವನು ಎತ್ತಲಿಲ್ಲ. ಕಂಡೇ ಇರದ ಒಂದು ದೇಶದ, ಕಂಡೇ ಇರದ ಒಂದು ಬೇಲಿ ತನ್ನ ಮನೆಯ ನಡುವೆಯೇ ಎದ್ದು ನಿಂತಿತಲ್ಲ ಎಂದು ಸಂಕಟವಾಯಿತು. ಅರ್ಧ ಸಂಕಟ ಹಸಿವಿನದು. ಎರಡು ಕಲ್ಲಿಡ್ಲಿ ತಾನೇ ತಿಂದ.

ಸಂಜೆಯಾಗುತ್ತಿದ್ದಂತೆ ಚಾಮಯ್ಯ ಬಂದ. ಹೊಗೆಸೊಪ್ಪು ಬೆಳೆಯುವ ಹಿರಿಯ ರೈತ, ಆನೆ ಪಕ್ಷದ ಹಳೇ ಹುಲಿ. ಬಂದವನು ಆ ಕಡೆ ಈ ಕಡೆ ನೋಡಿ ಪಿಸುಗುಟ್ಟಿದ.

“ರೇಣುಕಾ, ನನ್ನೂ ಹೊರಗಾಕಿದ್ರು ಕಣ್ಲಾ.”

“ಅಯ್ಯೋ, ನಿಮ್ಮನ್ನ ಯಾಕಣ್ಣ?”

“ಕತ್ತೆಯೋರ ಮನೆ ಮದ್ವೇಲಿ ಒಬ್ಬಟ್ಟು ತಿಂದೆ ಅಂತ. ಅಮೆರಿಕದಲ್ಲೂ ಇಂಗೇ ಅಂತೆ ಕಣ. ಎದುರು ಪಕ್ಷದೋನ ಕೈ ಕುಲುಕಿದ್ರೆ ಸಾಕು, ಸ್ವಂತ ಪಕ್ಷದೋರೇ ಎದ್ದು ಟಿಕೇಟ್ ಕಿತ್ಕೊತಾರಂತೆ. ನಡೂ ಮಧ್ಯದೋರ್ಗೆ ಎಲ್ಲೂ ಉಳಿಗಾಲ ಇಲ್ಲ. ಅದ್ಕೇ ಇಂಗೆ ಹೊರಗ್ ಬಿದ್ದಿರೋರೆಲ್ಲ ಸೇರಿ ಒಂದು ಸಮಾಧಾನದ ಪಕ್ಷ ಮಾಡೋವಾ. ಇಲ್ಲೇ, ನಿನ್ ಹೋಟ್ಲಲ್ಲೇ. ನೀನೇ ಅಧ್ಯಕ್ಷ.”

ರೇಣುಕಾಪ್ರಸಾದನಿಗೆ ಬೆಳಗಿನಿಂದ ಕಟ್ಟಿದ್ದ ಉಸಿರು ಬಂದಂತಾಯಿತು. ಸಮಾಧಾನದ ಪಕ್ಷವಾದರೆ ಮಲ್ಲೇಶನಿಗೂ ಕಿರಣನಿಗೂ ರಾಜಿ ಮಾಡಿಸಬಹುದು. ಬಾಮೈದ ಮನೆಗೆ ಬರುತ್ತಾನೆ. ಒಲೆ ಹತ್ತುತ್ತದೆ. ಬೆಂಚು ಒರೆಸಿ, ಹೊಸದಾಗಿ ಡಿಕಾಕ್ಷನ್ ಇಳಿಸಿದ.

ದೀಪ ಹಾಕುವ ಹೊತ್ತಿಗೆ ಎರಡೂ ಕಡೆಯಿಂದ ಹೊರಬಿದ್ದವರು ಒಬ್ಬೊಬ್ಬರಾಗಿ ಬಂದು ಹೋಟೆಲು ತುಂಬಿತು. ಪಕ್ಷದ ಗುರುತು ಯಾವ ಪ್ರಾಣಿ ಎಂದು ಚರ್ಚೆಯಾಯಿತು. ಮುದ್ದಯ್ಯ ಎಂಬ ಹಾಲಿನ ವ್ಯಾಪಾರಿ, “ಎಮ್ಮೆ ಇರ್ಲಿ, ಅದು ಯಾರ ತಂಟೇಗೂ ಹೋಗಲ್ಲ” ಅಂದ. ಎಲ್ಲರೂ ಒಪ್ಪಿದರು. ರೇಣುಕಾಪ್ರಸಾದನನ್ನು ಗಲ್ಲಾದ ಕುರ್ಚಿಯಲ್ಲೇ ಕೂರಿಸಿ ಅಧ್ಯಕ್ಷ ಅಂದರು.

ಆಮೇಲೆ ಚಾಮಯ್ಯ ಮಾತಿಗೆ ನಿಂತ.

“ಈ ಊರಿಗೆ ಶಾಂತಿ ಬೇಕು!” ಎಂದು ಮೇಜು ಗುದ್ದಿದ. ಲೋಟಗಳು ಹಾರಿದವು. “ಶಾಂತಿ ಕೆಡಿಸಿದೋರು ಇಬ್ರು, ಮಲ್ಲೇಶ, ಕಿರಣ್‌ಕುಮಾರ. ಅವರ ಮನೆ ಹೊಸ್ಲು ನಾವ್ಯಾರೂ ತುಳೀಬಾರ್ದು! ಅವ್ರ್ಗೆ ಈ ಊರಲ್ಲಿ ನೀರೂ ಹುಟ್ಬಾರ್ದು! ಸಮಾಧಾನ ಅಂದ್ರೆ ಏನು ಅಂತ ಅವ್ರ್ಗೆ ತೋರುಸ್ಬೇಕು!”

“ತೋರುಸ್ಬೇಕು!” ಎಂದು ಶಾಂತಿಪ್ರಿಯರೆಲ್ಲ ಎದ್ದು ಕೂಗಿದರು.

ರೇಣುಕಾಪ್ರಸಾದನ ಕಣ್ಣ ಮುಂದೆ ಹೆಂಡತಿಯ ಸೆರಗು ಬಂತು. ಮೆಲ್ಲಗೆ ಎದ್ದ. “ಚಾಮಣ್ಣ, ಒಸಿ ನಿಧಾನ. ಅವ್ರೂ ನಮ್ಮೂರ್ ಹುಡುಗ್ರೇ ಅಲ್ವಾ? ಬಿಸಿ ರಕ್ತ, ಏನೋ ಅಂತಾರೆ. ಕೂರ್ಸಿ ಕೇಳಿದ್ರೆ ಅವ್ರ್ ಮಾತಲ್ಲೂ ಅಷ್ಟಿಷ್ಟು ನ್ಯಾಯ...”

ಯಾರೋ ಕಾಫಿ ಹೀರುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ.

“ಏನಂದೆ?” ಅಂದ ಚಾಮಯ್ಯ. “ಅವರ ಕಡೆಗೂ ನ್ಯಾಯ ಐತೆ ಅಂದ್ಯಾ? ಸಮಾಧಾನದ ಪಕ್ಷದ ಒಳಗೇ ಕೂತ್ಕಂಡು ರಾಜಿ ಮಾತಾಡ್ತೀಯಾ? ದ್ರೋಹಿ!”

“ಅಣ್ಣಾ, ಸಮಾಧಾನ ಅಂದ್ರೇ ಅದಲ್ವಾ...”

“ನಂಗೇ ಪಾಠ ಏಳ್ತೀಯಾ? ಕೈ ಎತ್ರಪ್ಪಾ ಎಲ್ಲಾರೂ!”

ಎಲ್ಲರ ಕೈಯೂ ಮೇಲೇರಿತು. ಮುದ್ದಯ್ಯ ಸ್ವಲ್ಪ ತಡೆದ. ಪಕ್ಕದವನು ದುರುಗುಟ್ಟಿದ ಮೇಲೆ ಎರಡೂ ಕೈ ಎತ್ತಿದ. ಹೀಗೆ ರೇಣುಕಾಪ್ರಸಾದ ಒಂದೇ ದಿನದಲ್ಲಿ ಮೂರು ಪಕ್ಷಗಳಿಂದ ಹೊರಬಿದ್ದ.

“ಸಭೆ ಮೆಂಬರುಗಳಿಗೆ ಮಾತ್ರ. ನೀನ್ ಆಚೆ ನಡಿ” ಅಂದ ಚಾಮಯ್ಯ.

“ಇದು ನನ್ ಹೋಟ್ಲು ಚಾಮಣ್ಣ...”

“ಪಕ್ಷ ಮುಖ್ಯವೋ, ಹೋಟ್ಲು ಮುಖ್ಯವೋ?”

ಜಗಳ ಅಂದರೆ ಅವನಿಗೆ ಮೊದಲಿನಿಂದಲೂ ಆಗದು. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಹೊರಗೆ ಬಂದು, ಚಪ್ಪರದ ಕೆಳಗಿನ ಒಲೆಯ ಹತ್ತಿರ ನಿಂತ. ಒಳಗಿನಿಂದ ಬಾಗಿಲು ಹಾಕಿದ ಸದ್ದಾಯಿತು.

ಸ್ವಲ್ಪ ಹೊತ್ತಿಗೆ ಕಿಟಕಿ ತೆರೆಯಿತು. ಚಾಮಯ್ಯನ ತಲೆ ಹೊರಗೆ ಬಂತು.

“ಲೋ ರೇಣುಕಾ, ಇನ್ನೊಂದು ರೌಂಡು ಕಾಫಿ ಮಾಡು. ಒಳಗ್ ಮಾತ್ರ ಬರ್ಬ್ಯಾಡ, ಇಂಗೇ ಕಿಟಕೀಲಿ ಕೊಡು.”

“ಆಯ್ತು ಬುಡಿ ಚಾಮಣ್ಣ, ಅದೂ ಸರೀನೇ” ಅಂದ ರೇಣುಕಾಪ್ರಸಾದ, ಹಾಲಿನ ಪಾತ್ರೆ ಒಲೆಗಿಟ್ಟ.