ಮಾವನ ಕೊಡೆಗೊಂದು ಕನ್ನಡಿ

ನಮ್ಮ ಸೋದರಮಾವ ಯಾರ ಮುಂದೆಯೂ ತಲೆ ಬಗ್ಗಿಸಿದವರಲ್ಲ. ಸ್ವಾಭಿಮಾನ ಎಂದುಕೊಳ್ಳಬೇಡಿ; ಆ ತಲೆ ಬಗ್ಗುವುದೇ ಇಲ್ಲ! ಹದಿನೈದು ವರ್ಷದ ಹಿಂದೆ ಕುಮಾರಸ್ವಾಮಿ ಲೇಔಟಿನ ಇಳಿಜಾರಿನಲ್ಲಿ, ಬಣ್ಣ ಬಳಿಯದ ರೋಡ್ ಹಂಪಿನ ಮೇಲೆ ಅವರ ಸ್ಕೂಟರು ಹಾರಿತು. ಹಿಂದೆ ಕೂತಿದ್ದ ಅತ್ತೆಗೆ ಮೊಣಕೈ ತರಚಿ ಸ್ವಲ್ಪ ಹೊತ್ತು ಎಚ್ಚರ ತಪ್ಪಿತ್ತು, ಅಷ್ಟೇ. ಮಾವನ ಕತ್ತಿನ ಮೂಳೆಯೇ ಮುರಿದಿತ್ತು. ಡಾಕ್ಟರು ಪ್ಲೇಟು, ಸ್ಕ್ರೂ ಹಾಕಿ ಜೋಡಿಸಿದರು. ಅಂದಿನಿಂದ ಯಾರಾದರೂ ಕರೆದರೆ ಮಾವ ಬಿಎಂಟಿಸಿ ಬಸ್ಸಿನಂತೆ ಇಡಿಯಾಗಿ ತಿರುಗಬೇಕು.

ಮದುವೆ ಮನೆಗಳಲ್ಲಂತೂ ಅವರ ಪಾಡು ಹೇಳತೀರದು. ಊಟಕ್ಕೆ ಕೂತರೆ ಮಾತಾಡಬಾರದೆಂಬುದು ಅವರ ಪದ್ಧತಿ. ಬಾಯಲ್ಲಿ ಬೇಡ ಎನ್ನುವಂತಿಲ್ಲ, ತಲೆಯಾಡಿಸಲು ಆಗುವುದಿಲ್ಲ. ಕೈ ಅಡ್ಡ ಹಿಡಿದರೆ ಬಡಿಸುವವರು ಬಿಡುತ್ತಾರೆಯೇ? "ಸಂಕೋಚ ಪಡ್ಬೇಡಿ ಸಾರ್!" ಬನಶಂಕರಿಯ ಒಂದು ಛತ್ರದಲ್ಲಿ ಹೀಗೆ ಏಳು ಹೋಳಿಗೆ ಬಿದ್ದವು. ಎಲೆಯಲ್ಲಿ ಬಿಟ್ಟು ಏಳುವುದೂ ಪದ್ಧತಿಯಲ್ಲವಲ್ಲ! ಕತ್ತಿನ ಪೆಟ್ಟು ಹೊಟ್ಟೆಯವರೆಗೂ ಇಳಿಯುತ್ತದೆಂದು ಯಾವ ಡಾಕ್ಟರೂ ನಮಗೆ ಹೇಳಿರಲಿಲ್ಲ.

ಇತ್ತೀಚೆಗೆ ಬಲಗೈ ಬೆರಳುಗಳು ಜೋಮು ಹಿಡಿಯುತ್ತಿವೆ. ಕಾಫಿ ಲೋಟ ಎರಡು ಸಲ ಜಾರಿದೆ. "ಸ್ಕ್ಯಾನ್ ಮಾಡಿಸೋಣ ಮಾವ" ಎಂದರೆ, "ಹಳೇ ಗಾಡಿ ಕಣೋ, ಸ್ವಲ್ಪ ಸದ್ದು ಮಾಡತ್ತೆ" ಎನ್ನುತ್ತಾರೆ.

ನಿಜವಾದ ಹಳೇ ಗಾಡಿಯನ್ನು, ಅಂದರೆ ಆ ಸ್ಕೂಟರನ್ನು, ಗುಜರಿಗೆ ಹಾಕುವ ಮೊದಲು ಅದರ ಕನ್ನಡಿಯನ್ನು ಬಿಚ್ಚಿಟ್ಟುಕೊಂಡಿದ್ದರು. ಅದನ್ನು ಕೊಡೆಯ ಕೋಲಿಗೆ, ಸರಿಯಾಗಿ ಕಣ್ಣಿನ ಎತ್ತರಕ್ಕೆ ಕಟ್ಟಿದ್ದಾರೆ; ಹಿಂದಿನಿಂದ ಬರುವ ಬೀದಿನಾಯಿ ಕಾಣಲಿ ಅಂತ. ಹಾಗಾಗಿ ಮಳೆ ಇರಲಿ, ಬಿಡಲಿ, ಪುಟ್ಟೇನಹಳ್ಳಿ ಕೆರೆಯ ಸುತ್ತ ಮಾವನ ವಾಕಿಂಗು ಬಿಚ್ಚಿದ ಕೊಡೆಯೊಂದಿಗೇ! ಅತ್ತೆ ನಾಲ್ಕು ಹೆಜ್ಜೆ ಹಿಂದೆ. ಗಂಡನ ಪಕ್ಕ ನಡೆಯಬಾರದೆಂದು ಅವರ ಅತ್ತೆ ಕಲಿಸಿದ್ದರಂತೆ. ಒಮ್ಮೆ ಹಿಂದೆ ಬರುತ್ತಿದ್ದ ಹೆಂಗಸೊಬ್ಬರು ರೇಗಿದರು.

"ಏನ್ ಅಂಕಲ್, ಕನ್ನಡಿ ಇಟ್ಕೊಂಡು ನಮ್ಮನ್ನ ನೋಡ್ತೀರಾ?"

ಮಾವ ನಿಧಾನವಾಗಿ ಇಡಿಯಾಗಿ ತಿರುಗಿದರು. "ಇಲ್ಲಮ್ಮ, ನಾಯಿ ನೋಡ್ತಿದೀನಿ."

"ಯಾರಿಗ್ರೀ ನಾಯಿ ಅಂದಿದ್ದು?"

ಅತ್ತೆ ಓಡಿ ಬಂದರು. "ಅವ್ರಿಗೆ ಕತ್ತು ಸರಿಯಿಲ್ಲಮ್ಮಾ. ತಲೆ ವಿಷ್ಯ ನನ್ನನ್ನ ಕೇಳ್ಬೇಡಿ."

ಮೊನ್ನೆ ನಾನೂ ಜೊತೆಗಿದ್ದೆ. ಜೋಮು ಹಿಡಿದ ಕೈಯಿಂದ ಕೊಡೆ ಜಾರಿ ಕನ್ನಡಿ ಚೂರಾಯಿತು. ನಗಲು ಬಾಯಿ ತೆರೆದೆ. ಮಾವ ನಿಂತಲ್ಲೇ ಕಲ್ಲಾಗಿದ್ದರು. "ಲೇ! ಎಲ್ಲಿದೀಯೇ? ಲೇ!"

"ಇಲ್ಲೇ ಇದೀನಲ್ರೀ, ಚಪ್ಪಲಿ ಪಟ್ಟಿ ಹಾಕ್ತಿದ್ದೆ" ಎಂದು ಅತ್ತೆ ಹಿಂದಿನಿಂದ ಬಂದು ಅವರ ಕೈ ಹಿಡಿದರು. ಇಬ್ಬರೂ ಸೇರಿ ಅವರನ್ನು ಬೆಂಚಿನ ಮೇಲೆ ಕೂರಿಸಿದೆವು.

"ಅವತ್ತು ಬಿದ್ದಾಗ ಕತ್ತು ತಿರುಗ್ಲಿಲ್ಲ ಕಣೋ" ಎಂದರು ಮಾವ. "ಹಿಂದ್ಗಡೆಯಿಂದ ಇವಳ ಸದ್ದೇ ಇಲ್ಲ. ಇದಾಳೋ, ಹೋದಳೋ... ಯಾರೋ ಬಂದು ಹೇಳೋವರ್ಗೂ ಗೊತ್ತಾಗ್ಲಿಲ್ಲ."

ಇಷ್ಟು ವರ್ಷ ಆ ಕನ್ನಡಿಯಲ್ಲಿ ಅವರು ನೋಡುತ್ತಿದ್ದುದು ನಾಯಿಯನ್ನಲ್ಲ! ನಕ್ಕಿದ್ದಕ್ಕೆಲ್ಲ ನನಗೆ ನಾಚಿಕೆಯಾಯಿತು.

ಅತ್ತೆ ಕಣ್ಣೊರೆಸಿಕೊಂಡರು. "ನಾಳೆ ಡಾಕ್ಟ್ರ ಹತ್ರ ಹೋಗ್ತಿದೀವಿ, ಮಾತಾಡ್ಬೇಡಿ. ಇನ್ಮೇಲೆ ನಿಮ್ಮ ಪಕ್ಕದಲ್ಲೇ ನಡೀತೀನಿ."

"ಪಕ್ಕದಲ್ಲಿದ್ರೂ ಕಾಣಲ್ವಲ್ಲೇ" ಎಂದರು ಮಾವ.

ಅತ್ತೆ ಅವರನ್ನು ಬೆಂಚಿನಿಂದ ಎಬ್ಬಿಸಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮದುವೆಯಾದ ಮೇಲೆ ಮೊದಲ ಸಲ, ಗಂಡನ ಮುಂದೆ ನಡೆದರು.