ಅರಬೈಲು ಘಟ್ಟ ಇಳಿದ ಬಗೆ

ನಿವೃತ್ತನಾದ ಗಂಡಸಿಗೆ ತನ್ನ ಮಾತು ಕೇಳುವಂಥದ್ದು ಏನಾದರೊಂದು ಬೇಕೆನಿಸುತ್ತದೆ. ಆಫೀಸಿನಲ್ಲಿ ಗಂಟೆ ಒತ್ತಿದರೆ ಜವಾನ ಬಂದು ನಿಲ್ಲುತ್ತಿದ್ದ. ಮನೆಯಲ್ಲಿ ಎಷ್ಟು ಕೂಗಿದರೂ ಚಹಾ ಬರುವುದು ಚಹಾದ ಹೊತ್ತಿಗೇ. ಹಾಗಾಗಿ ನಾನೊಂದು ಹಳೆಯ ಕಾರು ಕೊಂಡೆ. ಎಡಕ್ಕೆ ತಿರುಗಿಸಿದರೆ ಎಡಕ್ಕೇ ಹೋಗುತ್ತಿತ್ತು! ಅಷ್ಟು ವಿಧೇಯತೆಯನ್ನು ನಾನು ಸ್ವಂತ ಸಂಸಾರದಲ್ಲಿ ಕಂಡವನಲ್ಲ. ಕೆಲಸದಲ್ಲಿದ್ದಷ್ಟು ಕಾಲ ಜಿಲ್ಲೆಯ ರಸ್ತೆಗಳ ಅಳತೆ ತೆಗೆದ ಇಂಜಿನಿಯರ್ ನಾನು. ಆದರೆ ಜೀಪಿನಲ್ಲಿ ಸದಾ ಎಡಗಡೆ ಕೂತವನು. ಸ್ಟಿಯರಿಂಗ್ ಹಿಡಿಯುವುದನ್ನು ಕಲಿತದ್ದು ಅರವತ್ತರ ಮೇಲೆ.

ಹಳೆಯ ಸ್ನೇಹಿತರನ್ನೆಲ್ಲ ಒಮ್ಮೆ ನೋಡಿ ಬರೋಣವೆಂದು ನನ್ನ ಹೆಂಡತಿ ಸುಮತಿಯೇ ಹೇಳಿದ್ದು. ಕಾರವಾರದ ಹತ್ತಿರ ಕಿನ್ನರದ ನಮ್ಮ ಮನೆಯಿಂದ ಹೊರಟು ಧಾರವಾಡ, ಹುಬ್ಬಳ್ಳಿ, ಯಲ್ಲಾಪುರ ಎಂದು ಮನೆಯಿಂದ ಮನೆಗೆ ಸುತ್ತಿದೆವು. ಎಲ್ಲೆಡೆ ಮಾತು ಒಂದೇ: ಯಾರಿಗೆ ಮಂಡಿನೋವು, ಯಾರಿಗೆ ಸಕ್ಕರೆ. ಪ್ರೀತಿಯಿಂದ ಪಾಯಸ ಮಾಡಿದವರೂ ಬಡಿಸುವಾಗ ಅನುಮಾನದಿಂದ ನಮ್ಮ ಮುಖ ನೋಡುತ್ತಿದ್ದರು. ಮರಳುವ ದಾರಿಯಲ್ಲಿ ರಾಮನಗುಳಿಯ ವಿಠೋಬನ ಮನೆಯೊಂದು ಉಳಿದಿತ್ತು. ನನ್ನ ಜೊತೆ ಕೆಲಸ ಮಾಡಿದವನು, ಈಗ ಗದ್ದೆ ನೋಡಿಕೊಂಡಿದ್ದ. ಅಲ್ಲಿಗೆ ಹೋಗಲು ಅರಬೈಲು ಘಟ್ಟ ಇಳಿಯಬೇಕು.

ಇಳಿಜಾರಿನಲ್ಲಿ ಪೆಟ್ರೋಲು ಯಾಕೆ ಸುಡಬೇಕೆಂದು ನಾನು ಗೇರ್ ತೆಗೆದು ಕಾರನ್ನು ಅದರ ಪಾಡಿಗೆ ಉರುಳಲು ಬಿಟ್ಟೆ. ಬ್ರೇಕ್ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಆಗೆಲ್ಲ ಬಂದರಿಗೆ ಅದಿರು ಹೊತ್ತ ಲಾರಿಗಳು ಆ ದಾರಿಯಲ್ಲಿ ಸಾಲುಗಟ್ಟಿ ಇಳಿಯುತ್ತಿದ್ದವು. ಅಂಥದ್ದೊಂದರ ಹಿಂದೆ ನಾವಿದ್ದೆವು.

“ಇಲ್ಕೇಳಿ, ಎಂತದೋ ಸುಟ್ಟ ವಾಸ್ನೆ ಬರ್ತದೆ,” ಎಂದಳು ಸುಮತಿ.

“ಲಾರಿದು.”

ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಕಾಲು ಬೆಣ್ಣೆಯೊಳಗೆ ಇಳಿದ ಹಾಗೆ ತಳಕ್ಕೆ ಹೋಯಿತು. ಕಾರು ನಿಧಾನವಾಗಲಿಲ್ಲ. ಲಾರಿಯ ಹಿಂಬದಿ ನೋಡನೋಡುತ್ತ ದೊಡ್ಡದಾಗತೊಡಗಿತು. ಬಲಕ್ಕೆ ಕಣಿವೆ. ಎದುರಿನಿಂದ ಖಾಲಿ ಲಾರಿಗಳು ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದವು.

“ಬ್ರೇಕ್ ಹಿಡೀತಾ ಇಲ್ಲ, ಅಲ್ದಾ?” ಅವಳ ದನಿ ತೀರಾ ಮೆಲ್ಲಗಿತ್ತು.

“ಹಿಡೀತದೆ. ಸ್ವಲ್ಪ ತಡ.”

“ಗೇರ್ ಹಾಕಿ!”

ಹಾಕಿದೆ. ಕರ್ರೆಂದಿತು, ಬೀಳಲಿಲ್ಲ. ಎರಡನೆಯ ಸಲವೂ ಅಷ್ಟೇ. ಅಷ್ಟರಲ್ಲಿ ಸುಮತಿ ನಮ್ಮಿಬ್ಬರ ನಡುವಿದ್ದ ಹ್ಯಾಂಡ್‌ಬ್ರೇಕಿಗೆ ಕೈ ಹಾಕಿದಳು. ಒಮ್ಮೆಲೇ ಜಗ್ಗಲಿಲ್ಲ, ತುದಿಯ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿಹಿಡಿದು ತುಸು ಎಳೆದು, ತುಸು ಬಿಟ್ಟು, ಮತ್ತೆ ಎಳೆದಳು. ಕಾರು ಕುಂಟತೊಡಗಿತು. “ಎಡಕ್ಕೆ! ಅಲ್ಲಿ ಮಣ್ಣದೆ, ಮಣ್ಣಿಗೆ ಹೊಗ್ಸಿ!” ಎಂದು ಕೂಗಿದಳು. ಗುಡ್ಡದ ಬದಿಗೆ ಚರಂಡಿ ತೋಡಿ ಹಾಕಿದ್ದ ಮಣ್ಣಿನ ರಾಶಿ. ತಿರುಗಿಸಿದೆ. ಕಾರು ಅದರಲ್ಲಿ ಮೂಗು ಹುಗಿದು ನಿಂತಿತು.

ನಮ್ಮ ಹಿಂದಿದ್ದ ಲಾರಿಗಳು ಬುಸುಗುಟ್ಟುತ್ತ ಪಕ್ಕದಿಂದ ಹಾದುಹೋದವು. ಕೊನೆಗೆ ಅವಳು ನನ್ನ ತೊಡೆ ತಟ್ಟಿ, “ಇನ್ನ ಕಾಲ್ ತೆಗೀರಿ, ನಿಂತದೆ,” ಎಂದಳು. ನಾನಿನ್ನೂ ಬ್ರೇಕ್ ಒತ್ತಿಕೊಂಡೇ ಕೂತಿದ್ದೆ.

ಬ್ರೇಕ್ ಒತ್ತಿ ಒತ್ತಿ ಕಾದಿದ್ದ ಚಕ್ರಗಳು ಪೂರಾ ತಣಿದು, ಬ್ರೇಕ್ ಹಿಡಿಯುತ್ತದೆಂದು ಅಲ್ಲೇ ನಾಕಾರು ಸಲ ಒತ್ತಿ ನೋಡಿದ ಮೇಲೆ, ಕಾರನ್ನು ಮಣ್ಣಿನಿಂದ ಹಿಂದಕ್ಕೆ ತೆಗೆದು, ಮೊದಲ ಗೇರಿನಲ್ಲೇ ತೆವಳುತ್ತ ರಾಮನಗುಳಿ ಸೇರಿದೆವು.

ವಿಠೋಬನ ಜಗಲಿಯಲ್ಲಿ ಬೆಲ್ಲ, ನೀರು ಮುಂದಿಟ್ಟುಕೊಂಡು ಕೂತ ಮೇಲೆ ನನ್ನ ಗಂಟಲಿಗೆ ಜೀವ ಬಂತು. ಘಟ್ಟದ ಕತೆ ಶುರುಮಾಡಿದೆ. ಹೇಳುತ್ತ ಹೇಳುತ್ತ ತಿರುವು ಇನ್ನಷ್ಟು ಕಡಿದಾಯಿತು, ಲಾರಿ ಇನ್ನಷ್ಟು ಹತ್ತಿರ ಬಂತು. “ಹ್ಯಾಂಡ್‌ಬ್ರೇಕ್ ಎಳೆದದ್ದಕ್ಕೆ ಬದುಕಿದೆವು,” ಎಂದೆ. ಯಾರು ಎಳೆದರು ಎಂಬುದನ್ನು ಕನ್ನಡ ಹೇಳದೆಯೂ ಇರಲು ಬಿಡುತ್ತದೆ.

“ಶಾಭಾಸ್ ಮಾರಾಯಾ! ಈ ವಯಸ್ಸಲ್ಲಿ ಎಂಥ ಧೈರ್ಯ ನಿಂದು!” ಎಂದ ವಿಠೋಬ.

ಅಷ್ಟರಲ್ಲಿ ಚಹಾ ತಂದ ಅವನ ಹೆಂಡತಿ ಗಂಗಕ್ಕ ಸುಮತಿಯ ಬಲಗೈ ಹಿಡಿದಳು. “ಇದೆಂತ ಆಯ್ತೇ? ಹೆಬ್ಬಟ್ಟೆಲ್ಲ ಸುಲ್ದು ಹೋಗದೆ!”

“ಎಂತ ಇಲ್ಲ. ದೋಸೆ ಕಾವಲಿ ತಾಗ್ತು,” ಎಂದಳು ಸುಮತಿ, ನನ್ನ ಕಡೆ ನೋಡದೆ.

ಬಾಯಲ್ಲಿದ್ದ ಬೆಲ್ಲ ಕಹಿಯಾಯಿತು. “ಕಾವಲಿಯಲ್ಲ,” ಎಂದೆ. “ಹ್ಯಾಂಡ್‌ಬ್ರೇಕಿನ ಗುಂಡಿ. ಎಳೆದವಳು ಅವಳೇ.”

ವಿಠೋಬ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. “ಹಂಗಾರೆ ವೈನಿ, ಅಷ್ಟೊತ್ತೂ ಇಂವ ಎಂತ ಮಾಡ್ತಿದ್ದ?”

“ಇವ್ರಾ? ಹಾರ್ನ್ ಹಾಕ್ತಿದ್ರು.”

ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಆದರೆ ಅಲ್ಲಿಯೂ ಅವಳು ನನ್ನ ಮಾನ ಉಳಿಸಿದ್ದಳೆಂಬುದು ನನಗೊಬ್ಬನಿಗೇ ಗೊತ್ತು. ಕಾರಿನ ಹಾರ್ನ್ ಯಲ್ಲಾಪುರದಲ್ಲೇ ಕೆಟ್ಟುಹೋಗಿತ್ತು. ಅವಳು ಹಾರ್ನ್ ಎಂದ ಸದ್ದು ಘಟ್ಟದಲ್ಲಿ ನನ್ನ ಬಾಯಿಂದ ಹೊರಟದ್ದು.